ತೊಟ್ಟಿಲ ಓಲೆಯ ದಾರಿ ತಿದ್ದಿದ ದ್ಯಾವಮ್ಮ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ಮುತ್ತಜ್ಜನಿಗೂ ಮೀಸೆ ಮೊಳೆಯೋಕೆ ಮುಂಚೆ, ಬೇರುಸೀಮೆ ಅಂತ ಒಂದು ನಾಡಿತ್ತಂತೆ. ಅಲ್ಲಿ ಯಾರ ಮನೆಗೆ, ಯಾವ ಸಾಮಾನಿಗೆ ದಾರಿ ಕೇಳಿದ್ರೂ ಊರ ನಡುವಿನ ಆಲದ ಬೇರಿಂದ್ಲೇ ಶುರು. ಬೇರಿಂದ ಹೊರಡು, ಒಂದು ಗೀಟು, ಬಡಗಿ ಕೇರಿ, ಇನ್ನೊಂದು ಗೀಟು, ಮೂರನೇ ಪೆಟ್ಟಿಗೆ, ಹೀಗೆ ಬರೀತಿದ್ರಂತೆ. ಗೀಟು ಬಲಕ್ಕೇ ವಾಲಬೇಕು. ಪಕ್ಕದಲ್ಲೇ ಕಿಟಕಿಸೀಮೆ. ಅಲ್ಲಿ ಆಲಾನೂ ಇಲ್ಲ, ಬೇರೂ ಇಲ್ಲ. ಕ ಕೋಟೆ, ಡ ಕೋಟೆ ಅಂತ ಕೋಟೆಗಳು, ದಾರಿ ಶುರುವಾಗೋದೇ ಕೋಟೆ ಹೆಸರಿಂದ, ಗೀಟು ಎಡಕ್ಕೆ ವಾಲಬೇಕು. ನಗಬೇಡ ಕಣೆ, ಯುನಿಕ್ಸ್ ಕಂಪ್ಯೂಟರಲ್ಲಿ ಬರೆದ ದಾರಿ ವಿಂಡೋಸ್ ಕಂಪ್ಯೂಟರಿಗೆ ಗೊತ್ತಾಗ್ತಿಲ್ಲ, ಫೈಲೇ ಸಿಗ್ತಿಲ್ಲ ಅಂತ ನಿಮ್ಮಮ್ಮ ಕಂಪ್ಯೂಟರ್ ಮುಂದೆ ಗೊಣಗ್ತಾಳಲ್ಲ, ಅದೂ ಇದೇ ತಕರಾರು.

ಬೇರುಸೀಮೆಯಲ್ಲಿ ಮೌನಾಚಾರಿ ಅಂತ ಬಡಗಿ. ಅವನ ತೊಟ್ಟಿಲಲ್ಲಿ ಎಂಥಾ ಹಟಮಾರಿ ಮಗುವಾದ್ರೂ ಮಲಗಿಬಿಡ್ತಿತ್ತಂತೆ, ನಿನ್ನಂಥದ್ದೂ! ಆ ತೊಟ್ಟಿಲಿಗೆ ನೂರೆಂಟು ತುಂಡು. ಯಾವ ತುಂಡು ಯಾವ ಪೆಟ್ಟಿಗೇಲಿದೆ, ಯಾವುದಕ್ಕೆ ಯಾವುದು ಸೇರಬೇಕು ಅಂತ ಓಲೇಲಿ ಬರೆದಿಟ್ಟಿದ್ದ. ಬಡಗಿ ಕೂತಲ್ಲೇ ಓಲೆ ಓದೋದು, ಆಳುಗಳು ಓಡಿಹೋಗಿ ತರೋದು, ಅದು ಅವರ ಪದ್ಧತಿ.

ಕಿಟಕಿಸೀಮೆ ರಾಣಿಗೆ ಒಂದು ಹೆಣ್ಣು ಮಗು ಹುಟ್ತಂತೆ. ಅದಕ್ಕೆ ನಿದ್ದೇನೇ ಇಲ್ಲ. ಅತ್ತು ಅತ್ತು ಕಡ್ಡಿ ಆಗ್ತಾ ಬಂತು. ಆಮೇಲೆ ರಾಜ ಹೇಳಿ ಕಳಿಸಿದ, ಆಚಾರ್ರೇ, ನಮಗೂ ಒಂದು ತೊಟ್ಟಿಲು ಕಟ್ಟಿಸಿಕೊಡಿ ಅಂತ. ಮೌನಾಚಾರಿಗೆ ಕಾಲು ಬಿದ್ದುಹೋಗಿತ್ತು, ಅದಕ್ಕೇ ತುಂಡುಗಳನ್ನೆಲ್ಲ ಗಾಡಿಗೆ ಹೇರಿ, ಓಲೆ ಕೈಗೆ ಕೊಟ್ಟು, ದೊಡ್ಡ ಮಗ ಗಂಗಾಚಾರಿನ ಕಳಿಸಿದ.

ಗಂಗಾಚಾರಿ ಹೋಗಿ, ತುಂಡುಗಳನ್ನ ಕ ಕೋಟೆ ಉಗ್ರಾಣದಲ್ಲಿ ಇಡಿಸಿ, ಓಲೆ ಬಿಚ್ಚಿ, ಆಲದ ಬೇರಿಂದ ಹೊರಡು ಅಂತ ಓದಿದ್ನಂತೆ. ಆಳುಗಳು ಮುಖ ಮುಖ ನೋಡ್ಕೊಂಡು, ಬೇರು ಎಲ್ಲಿದೆ ಸ್ವಾಮಿ ಅಂದ್ರು. ಅಪ್ಪ ಬರೆದದ್ದನ್ನ ನಾನು ಮುಟ್ಟಲ್ಲ ಅಂತ ಇವನು ಹಟ ಹಿಡಿದ. ಮೂರು ದಿನ ಬೇರು ಹುಡುಕಿ ಬರಿಗೈಲಿ ವಾಪಸ್ ಬಂದ.

ಆಮೇಲೆ ಎರಡನೆಯವನು ಸಿದ್ಧಾಚಾರಿ ಹೋದ. ಅವನು ಚುರುಕು. ಓಲೆನೇ ಹೊಸದಾಗಿ ಬರೆದು, ಸಾಲುಸಾಲಿಗೂ ಕ ಕೋಟೆ ಅಂತ ಸೇರಿಸಿ, ಗೀಟೆಲ್ಲ ಎಡಕ್ಕೆ ವಾಲಿಸಿದ. ತೊಟ್ಟಿಲು ಅರ್ಧ ಎದ್ದಿತ್ತು, ಅಷ್ಟರಲ್ಲಿ ಉಗ್ರಾಣಕ್ಕೆ ಗೆದ್ದಲು ಹತ್ತಿತು ಅಂತ ರಾಜ ಎಲ್ಲಾನೂ ಡ ಕೋಟೆಗೆ ಸಾಗಿಸಿಬಿಟ್ನಂತೆ. ಓಲೆ ಹೇಳೋದು ಒಂದು ಕಡೆ, ತುಂಡು ಇರೋದು ಇನ್ನೊಂದು ಕಡೆ. ಅವನೂ ಸಪ್ಪೆ ಮುಖ ಹಾಕ್ಕೊಂಡು ಬಂದ.

ಮೂರನೆಯವಳು ಮಗಳು ದ್ಯಾವಮ್ಮ. ಅವಳು ಹೋಗೋ ಹೊತ್ತಿಗೆ ಮಗು ಅಳೋಕೂ ಶಕ್ತಿ ಇಲ್ಲದೆ ಮುಲುಗ್ತಿತ್ತಂತೆ. ಅದನ್ನ ನೋಡಿ ಅವಳು ಅಪ್ಪನ ಓಲೆ ಬಿಚ್ಚಿ ಕೂತ್ಲು. ಓಲೆ ತಿದ್ದದೆ ಬೇರೆ ದಾರಿಯಿಲ್ಲ, ಆದ್ರೆ ಅಪ್ಪನ ಅಕ್ಷರ ಹೊಡೆದುಹಾಕೋಕೆ ಭಯ. ಓಲೆ ಮೇಲೆ ಬರೆಯೋ ಕಂಟ ಹಿಡಿದ್ಲು, ಇಟ್ಲು, ಮತ್ತೆ ಹಿಡಿದ್ಲು. ಆಮೇಲೆ ಯೋಚಿಸಿದ್ಲಂತೆ, ಅಪ್ಪ ಬರೆಯೋವಾಗ ಬೇರು ಅಂತಾನೆ, ಆದ್ರೆ ಕೆಲಸದ ಹೊತ್ತಲ್ಲಿ ನನಗೆ ಬೇರು ಗೀರು ಅಂತ ಯಾವತ್ತೂ ಹೇಳಿಲ್ಲ, ನಿನ್ನ ಬೆನ್ನ ಹಿಂದಿನ ಪೆಟ್ಟಿಗೆ ನೋಡವ್ವ ಅಂತಾನೆ.

ಅಷ್ಟೇ ನೋಡು! ಬೇರೂ ಬೇಡ ಕೋಟೆನೂ ಬೇಡ ಅಂತ, ಅಪ್ಪ ಬರೆದ ದಾರಿ ಹೊಡೆದುಹಾಕಿ, ಓಲೆ ತುಂಬಾ ತೊಟ್ಟಿಲಿಂದ್ಲೇ ದಾರಿ ಬರೆದ್ಲು. ತೊಟ್ಟಿಲಿಂದ ಹಿಂದಕ್ಕೆ ಎರಡು ಪೆಟ್ಟಿಗೆ, ತೊಟ್ಟಿಲಿಂದ ಎಡಕ್ಕೆ ಒಂದು, ಹೀಗೆ. ಪೆಟ್ಟಿಗೆಗಳನ್ನೂ ಅದೇ ಪ್ರಕಾರ ಸುತ್ತ ಜೋಡಿಸಿದ್ಲು. ಗೀಟು ಯಾವ ಕಡೆ ವಾಲಬೇಕಣ್ಣ ಅಂತ ಆಳುಗಳನ್ನ ಕೇಳಿದ್ರೆ, ನಮಗೆ ಯಾವುದಾದ್ರೂ ತಿಳಿಯುತ್ತೆ ತಾಯಿ, ಬಲಕ್ಕೆ ವಾಲಿದ್ರೆ ಮುಖ ಊದಿಸ್ಕೊಳ್ಳೋದು ಕೋಟೆ ಬಾಗಿಲು ಕಾಯೋನು ಒಬ್ಬನೇ ಅಂದ್ರಂತೆ. ಅಷ್ಟರಲ್ಲಿ ರಾಜ ಮತ್ತೆ ಬಂದು, ಇಲ್ಲಿ ಸೆಕೆ, ಇನ್ನೊಂದು ಕೋಟೆಗೆ ಸಾಗಿಸಿ ಅಂದ. ದ್ಯಾವಮ್ಮ ಹಣೆ ಚಚ್ಚಿಕೊಳ್ಳಲಿಲ್ಲ. ಎಲ್ಲಾನೂ ಇದ್ದ ಹಾಗೇ ಎತ್ತಿಸಿ, ಅಲ್ಲೂ ಅದೇ ಪ್ರಕಾರ ಇಡಿಸಿ, ಬಿಟ್ಟ ಸಾಲಿಂದ ಮುಂದಕ್ಕೆ ಓದಿದ್ಲು.

ಮಧ್ಯಾಹ್ನಕ್ಕೆ ತೊಟ್ಟಿಲು ನಿಂತಿತು. ಮಗೂನ ಮಲಗಿಸಿ ಒಂದು ತೂಗು ತೂಗಿದ್ರೆ ದಾದಿ ಗೊರಕೆ ಹೊಡೆದ್ಲಂತೆ, ಎರಡನೇ ತೂಗಿಗೆ ರಾಣಿ ಕೂತಲ್ಲೇ ವಾಲಿದ್ಲು, ಮೂರನೇ ತೂಗಿಗೆ ಮಗು ಮುಷ್ಟಿ ಬಿಚ್ಚಿ ಕಣ್ಣು ಮುಚ್ಚಿತು. ರಾಜ ಬಿಕ್ಕೋ ಶಬ್ದ ಆಗದಿರಲಿ ಅಂತ ಬಾಯಿಗೆ ಶಲ್ಯ ಹಿಡಿದು ಅತ್ನಂತೆ.

ಊರಿಗೆ ಬಂದು ದ್ಯಾವಮ್ಮ ಅಪ್ಪನ ಕಾಲು ಹಿಡಿದು, ನಿನ್ನ ಓಲೆ ಹೊಡೆದುಹಾಕಿದೆ ಅಪ್ಪ, ತಪ್ಪಾಯ್ತು ಅಂದ್ಲು. ಮೌನಾಚಾರಿ ಓಲೆ ಕಡೆ ಕಣ್ಣೂ ಹಾಯಿಸಲಿಲ್ಲವಂತೆ. ಮಗು ಮಲಗಿತೇನವ್ವ, ಅಂತ ಅಷ್ಟೇ ಕೇಳಿದ. ಮಲಗಿತಪ್ಪ ಅಂದ್ಲು.

ಅಲ್ಲಿಗೆ ಅವರೆಲ್ಲ ಸುಖವಾಗಿದ್ರು, ನಮ್ಮ ಕತೇನೂ ಮುಗೀತು. ಏ ಪುಟ್ಟಿ... ಆಗ್ಲೇ ಮಲಗಿಬಿಟ್ಯಾ?