ಲೊಚಗುಟ್ಟದ ಹಲ್ಲಿ

"ಆಟ ನಡೆಸುವುದು ನಿನ್ನಿಂದಾಗದು," ಎಂದು ಹಲ್ಲಿಗೆ ಹೇಳಿದವಳು ಅವಳ ಸೋದರತ್ತೆಯೇ. "ಯಾರು ಏನೆಂದರೂ ಲೊಚಗುಟ್ಟಿ ಹೌದೆನ್ನುವ ಕುಲ ನಮ್ಮದು. ತೀರ್ಪು ಹೇಳುವ ಗಂಟಲು ನಮಗೆಲ್ಲಿದೆ?"

ಹಲ್ಲಿ ಕೇಳಲಿಲ್ಲ. ಅಟ್ಟದ ಮೇಜಿನ ಮೇಲೆ ಕಥೆಯಾಟ ಶುರುಮಾಡಿದಳು. ಆಡುವ ಒಬ್ಬೊಬ್ಬರಿಗೂ ಕಥೆಯಲ್ಲೊಬ್ಬ ವೀರ; ಅವನು ಏನು ಮಾಡುತ್ತಾನೆಂದು ಅವರು ಹೇಳಬೇಕು, ಅನುಮಾನವಿದ್ದರೆ ದಾಳ ಎಸೆಯಬೇಕು. ಏನಾಯಿತೆಂಬ ತೀರ್ಪು ಹಲ್ಲಿಯದು. ಕಣಿವೆ ಹಾರಲು ಐದಾದರೂ ಬೀಳಬೇಕೆಂದು ಅವಳು ಮೊದಲೇ ಸಾರಿದ್ದಳು. ಇಲಿಗೆ ಎರಡು ಬಿತ್ತು. ಇಲಿಯ ವೀರ ಕಣಿವೆಗೆ ಬಿದ್ದ.

ಬೆಕ್ಕಿಗೂ ಎರಡೇ ಬಿತ್ತು.

ಬೆಕ್ಕು ಹಲ್ಲಿಯ ಬಾಲದ ಮೇಲೆ ಮೆಲ್ಲಗೆ ಪಂಜವಿಟ್ಟಿತು. "ನನ್ನ ವೀರ ದಾಟಿದ, ಅಲ್ಲವೇನಮ್ಮ? ಒಂದು ಸಲ ಲೊಚಗುಟ್ಟಿಬಿಡು."

ಲೊಚಗುಟ್ಟಿದರೆ ಜೀವ ಉಳಿಯುತ್ತಿತ್ತು. ಆದರೆ ಇಲಿ ರೆಪ್ಪೆ ಬಡಿಯದೆ ನೋಡುತ್ತಿತ್ತು. ಇಂದು ಸುಳ್ಳಾದ ದಾಳವನ್ನು ಅದು ನಾಳೆ ಮುಟ್ಟುವುದಿಲ್ಲ.

"ಅದೇ ಕಣಿವೆ, ಅದೇ ನಿಯಮ. ನಿನ್ನ ವೀರನೂ ಬಿದ್ದ," ಎಂದಳು ಹಲ್ಲಿ.

ಬೆಕ್ಕಿನ ಉಗುರು ಬಾಲಕ್ಕೆ ಇಳಿಯಿತು. ಹಲ್ಲಿ ಬಾಲವನ್ನು ಅಲ್ಲೇ ಕಳಚಿಟ್ಟು ಗೋಡೆಗೆ ಹಾರಿದಳು. ಒದ್ದಾಡುವ ಬಾಲವನ್ನು ಬೆಕ್ಕು ಬಹಳ ಹೊತ್ತು ನೋಡಿತು. ಆಮೇಲೆ ತಲೆಯೆತ್ತಿ ಕೇಳಿತು: "ಕಣಿವೆಯ ತಳದಲ್ಲಿ ಏನಿದೆ?"

"ಇಲಿಯ ವೀರನಿದ್ದಾನೆ, ಕಾಲು ಮುರಿದುಕೊಂಡು," ಎಂದಳು ಹಲ್ಲಿ, ಗೋಡೆಯ ಮೇಲಿಂದಲೇ. "ಈಗ ನೀನೇನು ಮಾಡುತ್ತೀ?"

ಬೆಕ್ಕು ದಾಳ ಎತ್ತಿಕೊಂಡಿತು.

ಈಗ ಆ ಮೇಜು ಹಲ್ಲಿಯದು. ಅದಕ್ಕೆ ಅವಳು ತೆತ್ತದ್ದು ಒಂದು ಬಾಲ. ಹೊಸದು ಮೊಳೆತಿದೆ, ಮೊದಲಿನಷ್ಟು ಉದ್ದವಿಲ್ಲ.