ಕಂಬ ಚಟಚಟ ಅಂದಾಗ

ಮೂರು ಗಂಡಂದಿರನ್ನು ಬಿಟ್ಟ ಇಲಿ ಕೆಂಚವ್ವ ಚಿನ್ನದ ಗಣಿಯ ಸುರಂಗವನ್ನು ಮಾತ್ರ ಬಿಟ್ಟವಳಲ್ಲ ನೋಡಿ. ಅಲ್ಲಿ ಕೂಲಿಯವರ ರೊಟ್ಟಿಚೂರು ಸಿಗುತ್ತಿತ್ತು. ಒಂದು ಮಧ್ಯಾಹ್ನ ಸುರಂಗ ಹೊತ್ತು ನಿಂತಿದ್ದ ಜಾಲಿಕಂಬ ಚಟಚಟ ಅಂದಿತು.

"ಕೆಂಚವ್ವ, ನನ್ನ ಸೊಂಟ ಬಿರಿಯಿತು. ಮರಿಗಳನ್ನು ಕಚ್ಚಿಕೊಂಡು ಓಡೇ!"

"ಸುಮ್ಮನಿರಜ್ಜ," ಅಂದಳು ಅವಳು, ಮರಿಗಳನ್ನು ಹತ್ತಿರ ಎಳೆದುಕೊಳ್ಳುತ್ತಾ. "ಅಪಾಯವಿದ್ದರೆ ಆ ಮನುಷ್ಯರು ಹೀಗೆ ಉಣ್ಣುತ್ತಾ ಕೂರುತ್ತಿದ್ದರೇ?"

ಅತ್ತ ಉಣ್ಣುತ್ತಾ ಕೂತಿದ್ದ ಕೂಲಿಯವಳು ಹುಲಿಗೆಮ್ಮನೂ ಸದ್ದು ಕೇಳಿ, ಹೊರಗೆ ಹೋಗೋಣ ಬಾ ಎಂದು ಗಂಡ ದುರುಗಣ್ಣನ ತೋಳು ಜಗ್ಗಿದಳು.

"ಎದ್ದು ಹೋದರೆ ಇವತ್ತಿನ ಕೂಲಿ ಹೋಯ್ತು ಕಣೇ," ಅಂದ ಅವನು. "ಸುರಂಗ ಕುಸಿಯೋದಾದರೆ ಮೊದಲು ಇಲಿ ಓಡುತ್ತೆ. ನೋಡಲ್ಲಿ, ಹೇಗೆ ಕೂತಿದೆ!"

ಕಂಬ ಇನ್ನೊಮ್ಮೆ ಚಟ್ ಅಂದಿತು. ಕೆಂಚವ್ವ ಅವನ ಮುಖ ನೋಡಿದಳು, ಅವನು ಕೆಂಚವ್ವನ ಮುಖ ನೋಡಿದ. ಇಬ್ಬರೂ ಧೈರ್ಯ ತಂದುಕೊಂಡು ರೊಟ್ಟಿ ಅಗಿಯತೊಡಗಿದರು.