ಕೋಮಲೆಯ ಕೂಗು ಹಿಟ್ ಆದದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸಂಗೀತದ ಇಂದುಮತಿ ಟೀಚರು. ನಾನು ಕಣ್ಣು ಮುಚ್ಚಿಕೊಂಡು ಒಂದು ಕೀರ್ತನೆಯನ್ನು ಪೂರ್ತಿ ಹಾಡಿ ಮುಗಿಸಿ, "ಹೇಗಿತ್ತು ಟೀಚರ್?" ಎಂದು ಕೇಳಿದೆ. ಅವರು ಶ್ರುತಿಪೆಟ್ಟಿಗೆ ಮುಚ್ಚಿಟ್ಟು, "ಬಾ, ಕೂತ್ಕೋ, ನಿನಗೊಂದು ಕತೆ ಹೇಳ್ತೀನಿ" ಎಂದರು. ಕೀರ್ತನೆಗೂ ಕತೆಗೂ ಏನು ಸಂಬಂಧ ಎಂದು ಹೊಳೆಯುವಷ್ಟರಲ್ಲಿ ನನಗೆ ನಲವತ್ತು ದಾಟಿತ್ತು. ಮಕ್ಕಳೇ, ನೀವು ನನಗಿಂತ ಚುರುಕು. ನಿಮಗೆ ಬೇಗ ಹೊಳೆಯುತ್ತದೆ.

ಒಂದು ಕಾಡು. ಕಾಡಿನ ನಡುವೆ ಒಂದು ಕೆರೆ. ಕೆರೆಯ ಒಂದು ದಡದಲ್ಲಿ ಜೊಂಡು, ಇನ್ನೊಂದು ದಡದಲ್ಲಿ ಬರೀ ಸಣ್ಣ ಸಣ್ಣ ಕಲ್ಲು. ಆ ಕಲ್ಲುಗಳ ನಡುವೆ ಕೋಮಲೆ ಎಂಬ ಟಿಟ್ಟಿಭ ಹಕ್ಕಿ ಗಂಡ ಬೋರಲಿಂಗನ ಜೊತೆ ವಾಸವಾಗಿದ್ದಳು. ಹಳದಿ ಬಣ್ಣದ ಉದ್ದ ಕಾಲು, ನೆಲದ ಮೇಲೆಯೇ ಮೊಟ್ಟೆಯಿಡುವ ಜಾತಿ. ಕೋಮಲೆ ಎಂದು ಹೆಸರಿಟ್ಟವರು ಅವಳ ದನಿ ಕೇಳುವ ಮೊದಲೇ ಇಟ್ಟಿದ್ದರು.

ಕೆರೆಗೆ ಕಾವಲು ಅವಳೇ. ಹದ್ದು ಬಂದರೂ, ನರಿ ಬಂದರೂ, ಗಾಳಿಗೆ ಒಂದು ಒಣಗಿದ ಎಲೆ ಉರುಳಿಕೊಂಡು ಬಂದರೂ "ಟಿಟ್ಟೀ ಟೀಟ್! ಟಿಟ್ಟೀ ಟೀಟ್!" ಎಂದು ಕೆರೆಯೇ ಬಿರಿಯುವಂತೆ ಕೂಗುತ್ತಿದ್ದಳು. ಆ ಕೂಗು ಕೇಳಿ ಎಲ್ಲರೂ ಅಡಗುತ್ತಿದ್ದರು, ಬದುಕುತ್ತಿದ್ದರು, ಬದುಕಿದ ಮೇಲೆ ಅವಳನ್ನೇ ಬೈಯುತ್ತಿದ್ದರು.

"ಅಮ್ಮಾ ತಾಯೀ, ಸ್ವಲ್ಪ ಮೆತ್ತಗೆ ಕೂಗಬಾರದೇನೆ? ನನ್ನ ಮರಿ ಈಗಷ್ಟೇ ಕಣ್ಣು ಮುಚ್ಚಿತ್ತು" ಎನ್ನುತ್ತಿದ್ದಳು ಜೊಂಡಿನಲ್ಲಿದ್ದ ಹುಂಡುಕೋಳಿ ಪದ್ದಕ್ಕ.

"ಹದ್ದು ಬಂದಿತ್ತು ಪದ್ದಕ್ಕ!"

"ಬಂದರೆ ಬರಲಿ ಬಿಡು. ಹದ್ದಿಗಿಂತ ನಿನ್ನ ಗಂಟಲಿಗೇ ನನಗೆ ಹೆಚ್ಚು ಭಯ."

ಕೋಮಲೆ ನಗುತ್ತಿದ್ದಳು. ಆದರೆ ಒಳಗೊಳಗೇ ಒಂದು ಆಸೆ ಇತ್ತು. ಹುಟ್ಟಿದಂದಿನಿಂದ ಕೂಗಿದ್ದೇನಲ್ಲ, ಒಬ್ಬರಾದರೂ ಒಂದು ದಿನವಾದರೂ "ಚೆನ್ನಾಗಿ ಕೂಗಿದೆ ಕಣೇ" ಎನ್ನಬಾರದೆ?

ಹೀಗಿರುವಾಗ ಕೆರೆಗೆ ಒಂದು ಮುಂಗುಸಿ ಬಂತು. ಅದರ ಹೆಸರು ಸಂಜೀವಪ್ಪ. ಕಂಪನಿ ಶುರು ಮಾಡಿದ ಮೇಲೆ ಸ್ಯಾಂಜಿ. ಜೊತೆಗೊಬ್ಬ ಬಾಮೈದ ಇದ್ದ. ಅವನು ಯಾರ ಕಣ್ಣಿಗೂ ಹೆಚ್ಚು ಬೀಳುತ್ತಿರಲಿಲ್ಲ. ಕೇಳಿದರೆ ಸ್ಯಾಂಜಿ, "ಹಿಂದಿನ ಕೆಲಸವೆಲ್ಲ ಅವನೇ ನೋಡಿಕೊಳ್ಳೋದು" ಎನ್ನುತ್ತಿದ್ದ.

ದಡದಲ್ಲಿ ಒಂದು ಮತ್ತಿಮರ ಬಿದ್ದು, ಒಳಗೆಲ್ಲ ಟೊಳ್ಳಾಗಿ ಎಷ್ಟೋ ಕಾಲವಾಗಿತ್ತು. ಸ್ಯಾಂಜಿ ಆ ದಿಮ್ಮಿಯ ಮೇಲೆ ಹತ್ತಿ ನಿಂತು ಎಲ್ಲರನ್ನೂ ಕರೆದ.

"ಬಂಧುಗಳೇ, ನೀವು ಇದನ್ನು ಮರ ಅಂದುಕೊಂಡಿದ್ದೀರಿ. ಇದು ಮರ ಅಲ್ಲ, ತಂತ್ರಜ್ಞಾನ! ಈ ತೂತಿಗೆ ಬಾಯಿಟ್ಟು ಹಾಡಿದರೆ ಹಾಡು ಹತ್ತು ಪಟ್ಟು ದೊಡ್ಡದಾಗಿ ಆ ತುದಿಯಲ್ಲಿ ಬರುತ್ತೆ. ಇದರ ಹೆಸರು ಗಾನದಿಮ್ಮಿ. ದಿನಾ ಸಂಜೆ ಬನ್ನಿ, ಕೇಳಿ. ಪೂರ್ತಿ ಪುಕ್ಕಟೆ!"

ಪುಕ್ಕಟೆ ಎಂದ ಮೇಲೆ ಪ್ರಶ್ನೆ ಕೇಳುವುದು ಒಳ್ಳೆಯವರ ಲಕ್ಷಣವಲ್ಲ ಎಂದು ಎಲ್ಲರೂ ಸುಮ್ಮನಿದ್ದರು. ಆಮೆ ಅಜ್ಜ ಮಾತ್ರ ಕತ್ತು ಹೊರಗೆ ಹಾಕಿ ಕೇಳಿತು: "ಅಲ್ಲಪ್ಪಾ, ಇದರಿಂದ ನಿನಗೇನು ಲಾಭ?"

"ಸದ್ಯಕ್ಕೆ ಲಾಭ ನೋಡ್ತಿಲ್ಲ ಅಜ್ಜ. ಬೆಳವಣಿಗೆ ನೋಡ್ತಿದ್ದೀವಿ."

ಬೆಳವಣಿಗೆ ನಿಜವಾಗಿಯೂ ಆಯಿತು. ಕೆಲವೇ ದಿನಗಳಲ್ಲಿ ಸ್ಯಾಂಜಿಯ ಹೊಟ್ಟೆಯ ಹತ್ತಿರ ಅದು ಎದ್ದು ಕಾಣತೊಡಗಿತು.

ಕಪ್ಪೆಗಳು ಹಾಡಿದವು, ಜೀರುಂಡೆಗಳು ಹಾಡಿದವು. ಸಂಜೆಯಾದರೆ ಸಾಕು, ಗೂಡಿನಲ್ಲಿ ಯಾರೂ ಇರುತ್ತಿರಲಿಲ್ಲ. ಹಾಡು ಮುಗಿಸಿ ಮನೆಗೆ ಹೋದರೆ ಗೂಡಿನಲ್ಲಿ ಮೊಟ್ಟೆಯೂ ಇರುತ್ತಿರಲಿಲ್ಲ.

"ಅಯ್ಯೋ, ನನ್ನ ಮೊಟ್ಟೆಗಳು!" ಎಂದು ಪದ್ದಕ್ಕ ರೆಕ್ಕೆ ಬಡಿದುಕೊಂಡು ಅತ್ತಳು.

ಸ್ಯಾಂಜಿ ಅವಳಿಗಿಂತ ಜೋರಾಗಿ ಅತ್ತ. "ಇದು ಕೇರೆಹಾವಿನ ಕೆಲಸ ಅಕ್ಕಾ! ಹಾವು ಅಂದರೆ ನನಗೆ ಹೇಗಾಗುತ್ತೆ ಅಂತ ಲೋಕಕ್ಕೇ ಗೊತ್ತು. ನಾನಿದ್ದೀನಿ, ನೀವು ಹೆದರಬೇಡಿ. ಮನಸ್ಸು ಹಗುರಾಗಬೇಕಾದರೆ ನಾಳೆ ಸಂಜೆ ತಪ್ಪದೆ ಬನ್ನಿ."

ಪಾಪ, ಕೇರೆಹಾವನ್ನು ಎಲ್ಲರೂ ಸೇರಿ ಓಡಿಸಿದರು. ಮೊಟ್ಟೆ ಹೋಗುವುದು ನಿಲ್ಲಲಿಲ್ಲ.

ಕೋಮಲೆಗೆ ಅನುಮಾನ ಬಂತು. ಅವಳು ಸುಮ್ಮನೆ ಕೂರುವವಳಲ್ಲ. ಉದ್ದ ಕಾಲು ಹಾಕುತ್ತ ಪೊದೆ ಪೊದೆ ಹುಡುಕಿದಳು. ಗಾನದಿಮ್ಮಿಯ ಹಿಂದೆ ತರಗೆಲೆ ಕೆದರಿದಾಗ ಒಡೆದ ಚಿಪ್ಪುಗಳ ರಾಶಿಯೇ ಸಿಕ್ಕಿತು. 'ಹಾವಾದರೆ ಇಡೀ ಮೊಟ್ಟೆ ನುಂಗುತ್ತದೆ. ಇದನ್ನು ಯಾರೋ ಕಚ್ಚಿ ಒಡೆದಿದ್ದಾರೆ. ಹಲ್ಲಿನ ಗುರುತು ಬೇರೆ ಇದೆ!' ಎಂದುಕೊಂಡು ನೇರ ಸ್ಯಾಂಜಿಯ ಮುಂದೆ ಹೋಗಿ ನಿಂತಳು.

"ಏನಯ್ಯಾ ಇದು? ನಿನ್ನ ದಿಮ್ಮಿಯ ಹಿಂದೆ ಇಷ್ಟೊಂದು ಚಿಪ್ಪು ಹೇಗೆ ಬಂತು? ಹೇಳು! ಹೇಳ್ತೀಯೋ, ಕೆರೆಗೆಲ್ಲ ಕೇಳೋ ಹಾಗೆ ಕೂಗಲೋ?"

ಸ್ಯಾಂಜಿ ಒಂದು ಕ್ಷಣ ಬೆವರಿದ. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡ.

"ಇನ್ನೊಂದು ಸಲ ಹೇಳಿ ಮೇಡಂ."

"ಏನನ್ನ?"

"ಏನನ್ನಾದರೂ. ಆ ದನಿ... ಅಬ್ಬಾ! ಇಷ್ಟು ದಿನ ಕಪ್ಪೆಗಳನ್ನು ಕೇಳಿಕೊಂಡು ಕಾಲ ಕಳೆದೆನಲ್ಲ! ಇಂಥ ದನಿಯನ್ನು ಕಾವಲಿಗೆ ಹಾಕಿದ್ದಾರಲ್ಲ ಈ ಜನ! ಒಬ್ಬರಾದರೂ ನಿಮಗೆ ಇದನ್ನು ಹೇಳಿಲ್ಲವಾ?"

ಕೋಮಲೆ ಬಾಯಿ ತೆರೆದಳು. ಚಿಪ್ಪಿನ ವಿಷಯ ಹೇಳಬೇಕೆಂದೇ ತೆರೆದದ್ದು. ಬಂದ ಮಾತು ಬೇರೆ.

"ಇಲ್ಲ... ಯಾರೂ ಹೇಳಿಲ್ಲ. ನಿಜವಾಗಲೂ ಚೆನ್ನಾಗಿದೆಯಾ?"

ಮಕ್ಕಳೇ, ತನಿಖೆ ಅಲ್ಲಿಗೆ ಮುಗಿಯಿತು.

ಸ್ಯಾಂಜಿ ಒಂದೇ ಒಂದು ಷರತ್ತು ಹಾಕಿದ. "ಇನ್ನು ಮೇಲೆ ಈ ದನಿ ಕಂಪನಿಯದು ಮೇಡಂ. ಎಲ್ಲೆಂದರಲ್ಲಿ, ಹದ್ದು ಬಂತು ನರಿ ಬಂತು ಅಂತ ಕೂಗಿ ಬೆಲೆ ಕಳೆದುಕೊಳ್ಳಬಾರದು. ಕೂಗಿದರೆ ದಿಮ್ಮಿಯಲ್ಲೇ ಕೂಗಬೇಕು, ಸಂಜೆಯೇ ಕೂಗಬೇಕು." ಕೋಮಲೆ ಕತ್ತು ಆಡಿಸಿದಳು. ಹೊಗಳಿದವನ ಷರತ್ತನ್ನು ಪೂರ್ತಿ ಕೇಳಿಸಿಕೊಳ್ಳುವುದು ಕಷ್ಟ.

ಮೊದಲ ಸಂಜೆಯೇ ಹಾಡು ಹಿಟ್. ಕಪ್ಪೆಗಳು ತಾಳ ಹಾಕಿದವು, ಜೀರುಂಡೆಗಳು ಶ್ರುತಿ ಹಿಡಿದವು, ನಡುವೆ ಕೋಮಲೆ "ಟಿಟ್ಟೀ ಟೀಟ್!" ಎಂದಳು. ನಿನ್ನೆಯವರೆಗೆ ಕಿವಿ ಮುಚ್ಚಿಕೊಳ್ಳುತ್ತಿದ್ದವರೇ ಇವತ್ತು ತಲೆದೂಗಿದರು. ದೊಡ್ಡದಾಗಿ ಕೇಳಿದ್ದೆಲ್ಲ ಒಳ್ಳೆಯದೇ ಇರಬೇಕು ಎಂದು ಅವರ ಲೆಕ್ಕ.

"ನಾನು ಅವತ್ತೇ ಹೇಳಿರಲಿಲ್ಲವಾ ಇವಳ ಕಂಠದ ವಿಷಯ?" ಎಂದಳು ಪದ್ದಕ್ಕ. ಹೇಳಿದ್ದಂತೂ ನಿಜ.

ಕೋಮಲೆಯ ನಡಿಗೆ ಬದಲಾಯಿತು. ಬೆಳಗಿನ ಮಂಜಿಗೆ ಗಂಟಲು ಕೆಡುತ್ತದೆಂದು ಹೊರಗೇ ಬರುತ್ತಿರಲಿಲ್ಲ. ಮಾತಾಡಬೇಕಾದರೂ ಪಿಸುಗುಟ್ಟುತ್ತಿದ್ದಳು.

"ಕೋಮಲೀ, ಆಚೆ ನರಿ ಸುಳಿದಾಡ್ತಿದೆ, ಒಂದು ಸಲ ಕೂಗೇ" ಎಂದ ಬೋರಲಿಂಗ, ಮೊಟ್ಟೆಗಳ ಮೇಲೆ ಕೂತಲ್ಲಿಂದಲೇ.

"ರೀ, ಕಂಪನಿ ಒಪ್ಪಲ್ಲ."

"ನರಿ ನಿನ್ನ ಕಂಪನಿಯನ್ನು ಕೇಳಿಕೊಂಡು ಬರುತ್ತೇನೇ?"

ನರಿ ತೀರಾ ಹತ್ತಿರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. "ಟಿಟ್ಟೀ ಟೀಟ್!" ಎಂದು ಕೂಗಿಯೇ ಬಿಟ್ಟಳು. ಮೊದಲಾಗಿದ್ದರೆ ಮರಿಗಳೆಲ್ಲ ಜೊಂಡಿಗೆ ಓಡುತ್ತಿದ್ದವು. ಈಗ ಪದ್ದಕ್ಕನ ಮರಿ ದಡದ ಮೇಲೆ ಬಂದು ಕುಣಿಯತೊಡಗಿತು! ನರಿಯ ಬಾಯಿಂದ ಅದು ಕೂದಲೆಳೆಯಲ್ಲಿ ಪಾರಾಯಿತು. ಕೋಮಲೆಗೆ ಎದೆ ಧಸಕ್ಕೆಂದಿತು. ಆದರೆ ಅದಕ್ಕೂ ಒಂದು ಕ್ಷಣ ಮೊದಲು, ಮರಿ ಕುಣಿದದ್ದು ಕಂಡು ಖುಷಿಯಾಗಿತ್ತು.

ಒಂದು ದಿನ ಸ್ಯಾಂಜಿ ಮನೆಗೇ ಬಂದ. "ನಾಳೆ ಸಂಜೆ ಮೇಡಂಗೆ ಸನ್ಮಾನ. ಬೋರಲಿಂಗಣ್ಣ, ನೀವು ಬರಲೇಬೇಕು. ಮುಂದಿನ ಸಾಲಿನಲ್ಲೇ ನಿಮಗೆ ಜಾಗ ಇಟ್ಟಿದ್ದೀನಿ."

"ಮೊಟ್ಟೆ ಯಾರು ನೋಡಿಕೊಳ್ತಾರೆ?" ಎಂದ ಬೋರಲಿಂಗ.

"ಕಲ್ಲಿನ ನಡುವೆ ಕಲ್ಲಿನ ಹಾಗೇ ಇರುತ್ತವೆ. ಯಾರಿಗೆ ಕಾಣುತ್ತೆ ಅಣ್ಣಾ? ನನಗೇ ಕಾಣ್ತಾ ಇಲ್ಲ" ಎಂದು ಸ್ಯಾಂಜಿ ಅವುಗಳನ್ನೇ ನೋಡುತ್ತ ಹೇಳಿದ.

ಬೋರಲಿಂಗ ಹೆಂಡತಿಯ ಮುಖ ನೋಡಿದ. ಆ ಮುಖ ಎಷ್ಟು ಅರಳಿತ್ತೆಂದರೆ, ಒಲ್ಲೆ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ.

ಮರುದಿನ ಸಂಜೆ ಇಡೀ ಕೆರೆಯೇ ದಿಮ್ಮಿಯ ಮುಂದೆ ನೆರೆಯಿತು. ಕೋಮಲೆಗೆ ಎಲೆಯ ಶಾಲು ಹೊದಿಸಿದರು. ಮೇಲೆ ಕಾಡುಬಳ್ಳಿಯ ಹಾರ ಹಾಕಿದರು. ಹಾರವೆಂದರೆ ಅಂತಿಂಥ ಹಾರವಲ್ಲ, ಕತ್ತಿನಿಂದ ಕಾಲಿನವರೆಗೆ ಸುತ್ತು ಸುತ್ತಾಗಿ. ರೆಕ್ಕೆ ಎತ್ತಲು ಆಗುತ್ತಿರಲಿಲ್ಲ. ಸನ್ಮಾನವೆಂದರೆ ಹೀಗೇ ಇರಬೇಕು ಎಂದುಕೊಂಡಳು.

ಒಂದು ಸಾಲು ಹಾಡಿ, ಉಸಿರು ತೆಗೆದುಕೊಳ್ಳಲು ತಲೆ ಎತ್ತಿದಳು. ಕೇಳುವವರದೆಲ್ಲ ಅವಳ ಕಡೆಗೆ ಮುಖ, ಕಲ್ಲಿನ ದಡಕ್ಕೆ ಬೆನ್ನು. ಆ ದಡ ಕಾಣುತ್ತಿದ್ದದ್ದು ಅವಳೊಬ್ಬಳಿಗೇ. ಅಲ್ಲಿ, ಕಲ್ಲುಗಳ ನಡುವೆ, ಸ್ಯಾಂಜಿಯ ಬಾಮೈದ ಮೂಸುತ್ತ ಮೂಸುತ್ತ ಅವಳ ಗೂಡಿನ ಕಡೆಗೇ ಹೋಗುತ್ತಿದ್ದ.

ಹಾರಲು ನೋಡಿದಳು. ಹಾರ ಬಿಡಲಿಲ್ಲ.

"ಟಿಟ್ಟೀ ಟೀಟ್!"

ಎಲ್ಲರೂ ತಲೆದೂಗಿದರು.

"ಟಿಟ್ಟೀ ಟೀಟ್! ಮೊಟ್ಟೆ! ನನ್ನ ಮೊಟ್ಟೆ! ಕಳ್ಳ! ಹಿಂದೆ ನೋಡಿ, ಹಿಂದೆ!"

"ಹೊಸ ಚರಣ ಕಣ್ರೇ!" ಎಂದು ಪದ್ದಕ್ಕ ಕಣ್ಣೊರೆಸಿಕೊಂಡಳು. "ಮೊಟ್ಟೆ ಕಳೆದುಕೊಂಡ ತಾಯಿಯ ನೋವು. ಏನು ಭಾವ! ಏನು ಭಾವ!"

"ಅಯ್ಯೋ ಇದು ಹಾಡಲ್ಲ ಪದ್ದಕ್ಕಾ!"

"ಇದು ಹಾಡಲ್ಲ ಪದ್ದಕ್ಕಾ!" ಎಂದು ಕಪ್ಪೆಗಳೆಲ್ಲ ತಾಳಕ್ಕೆ ಸರಿಯಾಗಿ ಹೇಳಿದವು. ಮುಂದಿನ ಸಾಲಿನಲ್ಲಿ ಬೋರಲಿಂಗ ಹೆಮ್ಮೆಯಿಂದ ಅಕ್ಕಪಕ್ಕದವರಿಗೆ, "ನಮ್ಮನೆಯವಳು" ಎನ್ನುತ್ತಿದ್ದ.

ಜೋರಾಗಿ ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಕೆಳಗೆ ಸ್ಯಾಂಜಿ ನಗುತ್ತ, "ಬಿಡಬೇಡಿ ಮೇಡಂ, ಇನ್ನೂ ಜೋರಾಗಿ!" ಎಂದ. ಆಗ ಕೋಮಲೆಗೆ ಗೊತ್ತಾಯಿತು. ತನ್ನ ಕೂಗು ಇವನಿಗೆ ಬೇಕಾಗಿದ್ದೇ ಇದಕ್ಕೆ. ತಾನು ಕೂಗುತ್ತಿರುವಷ್ಟು ಹೊತ್ತು ಈ ಕೆರೆಗೆ ಬೇರೆ ಏನೂ ಕೇಳಿಸುವುದಿಲ್ಲ.

ಅವಳು ಬಾಯಿ ಮುಚ್ಚಿದಳು.

ಕಣ್ಣೆದುರಿಗೆ ಗೂಡಿಗೆ ಕಳ್ಳ ಬಾಯಿ ಹಾಕುತ್ತಿದ್ದಾನೆ. ಕೂಗುವುದಕ್ಕೇ ಹುಟ್ಟಿದ ಹಕ್ಕಿ ಕೊಕ್ಕು ಬಿಗಿಹಿಡಿದು ನಿಂತಿದೆ. ಅವಳ ಜೀವಮಾನದಲ್ಲೇ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಕಪ್ಪೆಗಳು ತಾಳ ತಪ್ಪಿ ನಿಂತವು. ಜೀರುಂಡೆಗಳು ಸುಮ್ಮನಾದವು.

"ಯಾಕೆ ನಿಲ್ಲಿಸಿದಳು?" ಎಂದಿತು ಆಮೆ ಅಜ್ಜ.

"ಹಾಡಿ ಮೇಡಂ! ಹಾಡ್ರೀ!" ಎಂದು ಸ್ಯಾಂಜಿ ಹಲ್ಲು ಕಡಿದ.

ಅವಳು ಹಾಡಲಿಲ್ಲ. ಎಷ್ಟೋ ದಿನಗಳ ಮೇಲೆ ಆ ಸಂಜೆ ಕೆರೆ ಪೂರ್ತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಎಲ್ಲರ ಬೆನ್ನ ಹಿಂದಿನಿಂದ, ಒಂದು ಸಣ್ಣ ಸದ್ದು ಬಂತು.

ಕಟಕ್.

ಮೊಟ್ಟೆ ಕಳೆದುಕೊಂಡ ಯಾವ ತಾಯಿಗೂ ಆ ಸದ್ದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿದರು. ಬಾಮೈದ ಮೀಸೆಗೆಲ್ಲ ಹಳದಿ ಮೆತ್ತಿಕೊಂಡು ಅಲ್ಲೇ ನಿಂತಿದ್ದ. ಬೋರಲಿಂಗ ಕಲ್ಲು ಬಿದ್ದ ಹಾಗೆ ಅವನ ಮೇಲೆ ಬಿದ್ದ. ಹಿಂದೆಯೇ ಪದ್ದಕ್ಕ, ಅವಳ ಹಿಂದೆ ಕೆರೆಯ ಹಕ್ಕಿಗಳೆಲ್ಲ.

"ನೋಡಿ, ಇದು ಬಾಮೈದನ ಸ್ವಂತ ವಿಷಯ. ಕಂಪನಿಗೂ ಅವನಿಗೂ ಸಂಬಂಧವಿಲ್ಲ" ಎಂದು ಸ್ಯಾಂಜಿ ಶುರು ಮಾಡಿದ. ಆಮೆ ಅಜ್ಜ ಅವನ ಬಾಲವನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿದ್ದರಿಂದ ಭಾಷಣ ಮುಂದುವರಿಯಲಿಲ್ಲ. ಕುಕ್ಕಿಸಿಕೊಂಡು ಕುಕ್ಕಿಸಿಕೊಂಡು ಭಾವ ಬಾಮೈದ ಇಬ್ಬರೂ ಆ ಕಾಡನ್ನೇ ಬಿಟ್ಟು ಓಡಿದರು.

ಒಂದು ಮೊಟ್ಟೆ ಒಡೆದಿತ್ತು. ಮೂರು ಉಳಿದಿದ್ದವು. ಹಾರ ಬಿಡಿಸಿಕೊಂಡು ಬಂದ ಕೋಮಲೆ ಒಡೆದದ್ದರ ಪಕ್ಕದಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಎಲ್ಲರ ಕಡೆಗೆ ತಿರುಗಿದಳು.

"ಆ ಚಿಪ್ಪುಗಳನ್ನು ನಾನು ಎಂದೋ ನೋಡಿದ್ದೆ. ಕೇಳೋಣ ಅಂತಲೇ ಹೋಗಿದ್ದೆ. ಕಳ್ಳನನ್ನು ಹಿಡಿಯೋಕೆ ಹೋದವಳು ಹಾಡೋಕೆ ಒಪ್ಪಿಕೊಂಡು ಬಂದೆ. ನಿಮಗೆಲ್ಲ ನಾಚಿಕೆ ಬೇಡ. ನೀವು ಹಾಡು ಕೇಳಿ ಮೋಸ ಹೋದಿರಿ. ನಾನು ನನ್ನ ಹಾಡಿಗೆ ನಾನೇ ಮೋಸ ಹೋದೆ."

ಪದ್ದಕ್ಕ ಹತ್ತಿರ ಬಂದಳು. "ಕೋಮಲೀ, ಬೇಜಾರು ಮಾಡಿಕೋಬೇಡ. ನಿಜ ಹೇಳಲಾ? ನಿನ್ನ ದನಿ ತುಂಬಾ ಕೆಟ್ಟದಾಗಿದೆ ಕಣೇ."

"ಗೊತ್ತು ಪದ್ದಕ್ಕ."

"ನಾಳೆ ಬೆಳಗಿನಿಂದ ಕೂಗ್ತೀಯಲ್ಲ?"

"ಕೂಗ್ತೀನಿ" ಎಂದಳು ಕೋಮಲೆ. ಮೂರು ಮೊಟ್ಟೆಗಳನ್ನೂ ರೆಕ್ಕೆಯ ಕೆಳಗೆ ಎಳೆದುಕೊಂಡು ಕೂತಳು.

ಮಕ್ಕಳೇ, ಕತೆ ಇಷ್ಟೇ. ನನ್ನಲ್ಲೇ ಉಳಿಯುವುದು ಬೇಡ, ನೀವೂ ಇದನ್ನು ಯಾರಿಗಾದರೂ ಹೇಳಿ. ಹೇಳುವಾಗ ಯಾರಾದರೂ, "ಆಹಾ, ಎಷ್ಟು ಚೆನ್ನಾಗಿ ಕತೆ ಹೇಳ್ತೀಯಾ!" ಎಂದರೆ ಥ್ಯಾಂಕ್ಸ್ ಹೇಳಿ, ಒಂದು ಸಲ ಹಿಂದೆ ತಿರುಗಿ ನೋಡಿ, ಆಮೇಲೆ ಮುಂದುವರಿಸಿ.

ನೀತಿ: ತಪ್ಪನ್ನು ಕೇಳಲು ಹೋದಾಗ ತಪ್ಪು ಮಾಡಿದವನ ಬಾಯಿಂದ ಸಿಗುವ ಹೊಗಳಿಕೆಯೂ ಲಂಚವೇ.